ಭಜನಾ ಮೇಳದ ಜೊತೆ ಕ್ಲಿಕ್ ಇಲ್ಲದೆ ಕೂಡಿಸಿದ ಹಾಡು: ರಾಯಚೂರಿನಿಂದ ನನ್ನ ಅನುಭವ

ಧಾರವಾಡದಲ್ಲಿ ಓದುವಾಗ ನಮ್ಮ ಬ್ಯಾಂಡ್ ಹಾಡುತ್ತಿದ್ದುದು ಕ್ಯಾಂಪಸ್ಸಿನ ಸಮುದಾಯ ರೇಡಿಯೊಗೆ. ಅಂಥ ಕೇಂದ್ರಗಳ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ದಾಟುವಂತಿಲ್ಲ, ಆಂಟೆನಾ 30 ಮೀಟರಿಗಿಂತ ಮೇಲೇರುವಂತಿಲ್ಲ. ಹಾಗಾಗಿ ಊರ ಹೊರಗಿನ ದಾಬಾ ತಲುಪುವಷ್ಟರಲ್ಲಿ ನಮ್ಮ ಹಾಡು ಗೊರಗೊರ ಅನ್ನತೊಡಗುತ್ತಿತ್ತು. ಹಾಸ್ಟೆಲ್ಲಿನ ಮಟ್ಟಿಗೆ ಮಾತ್ರ ನಾವೇ ಸ್ಟಾರುಗಳು. ಆ ಸ್ಟುಡಿಯೊದಲ್ಲಿ ನಾನು ಕಲಿತದ್ದು ಒಂದು ಬಗೆಯ ದನಿ: ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಅರ್ಧ ಉಸಿರಲ್ಲಿ ಹಾಡುವುದು. ಕಾರ್ಡಿಯಾಯ್ಡ್ ಮೈಕಿಗೆ, ಅಂದರೆ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕಿಗೆ, ಬಾಯಿ ಹತ್ತಿರವಾದಷ್ಟೂ ಕೆಳಗಿನ ಸ್ವರಗಳು ದಪ್ಪವಾಗಿ ಕೇಳುತ್ತವೆ, ಸಣ್ಣ ಕಂಠಕ್ಕೂ ತೂಕ ಬರುತ್ತದೆ. ಅದನ್ನೇ ನನ್ನ ಕಂಠ ಎಂದುಕೊಂಡು ಓದು ಮುಗಿಸಿದೆ.

ಬ್ಯಾಂಡ್ ಚದುರಿತು. ಒಬ್ಬ ಬೆಂಗಳೂರು ಸೇರಿದ, ಇನ್ನೊಬ್ಬ ದುಬೈ. ನಾನು ರಾಯಚೂರಿಗೆ ಬಂದು ನೌಕರಿ ಹಿಡಿದೆ. ನಡುವಿನ ವರ್ಷಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ, ಮದುವೆ ಮನೆಗಳಲ್ಲಿ ಹಾಡಿದ್ದು ಬಿಟ್ಟರೆ.

ಹೊಸ ಕೆಲಸ ಶುರುವಾದದ್ದು ಮಾನ್ವಿ ಕಡೆಯ ಒಂದು ಭಜನಾ ಮೇಳದಿಂದ. ಅಮಾಸಿ ರಾತ್ರಿ ಊಟ ಮಾಡಿ ಕೂತರೆ ಬೆಳ್ಳಿಚುಕ್ಕಿ ಮೂಡುವ ತನಕ ತತ್ವಪದ ಹಾಡುವವರು. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಹಿಂದೆ ಹಿಮ್ಮೇಳದ ಐದಾರು ಕಂಠ. ಅವರ ಹಾಡಿನ ಜೊತೆ ನನ್ನದೇ ಸಾಹಿತ್ಯ, ಗಿಟಾರ್, ಬೇಸ್ ಗಿಟಾರ್ ಸೇರಿಸಿ ಹಾಡು ಕಟ್ಟಬೇಕೆಂಬುದು ಆಸೆ. ಸುತ್ತಿ ಸುತ್ತಿ ಅದೇ ಬಾರಿಸುವ ತಬಲಾ ಲೂಪೊಂದನ್ನು ಕೆಳಗೆ ಹಾಸಿ, ಮೇಲೆ ಜನಪದ ಗೀತೆ ಹಾಡಿ, ಫ್ಯೂಷನ್ ಎಂದು ಕರೆಯುವ ಪದ್ಧತಿ ನನಗೆ ಮೊದಲಿಂದಲೂ ಸೇರುವುದಿಲ್ಲ. ಮೇಳದವರು ಕೂಡಿಯೇ ಹಾಡಬೇಕು, ನಾವು ಅವರ ಪಕ್ಕ ಕೂರಬೇಕು ಅನ್ನುವುದು ಮೊದಲ ಕರಾರು.

ಮೊದಲ ತಕರಾರು ಲಯದ್ದೇ. ಬೆಂಗಳೂರಿನ ಗೆಳೆಯ, ಬೇಸ್ ನುಡಿಸುವವನು, ಕ್ಲಿಕ್ ಟ್ರ್ಯಾಕ್ ಕಳಿಸಿದ್ದ: ಕಿವಿಯಲ್ಲಿ ಟಿಕ್ ಟಿಕ್ ಕೇಳಿಸಿಕೊಂಡು ಹಾಡಿದರೆ ಆಮೇಲೆ ಕತ್ತರಿಸಿ ಜೋಡಿಸಲು ಸಲೀಸು. ಮುಂದಾಳು ತಾತ ಹೆಡ್‌ಫೋನ್ ಹಾಕಿಕೊಂಡು ಒಂದು ನುಡಿ ಹಾಡಿ, ತೆಗೆದು ಕೆಳಗಿಟ್ಟರು. "ಇದು ಮುಂದಕ್ಕ ಹೋಗಾಕ ಬಿಡವಲ್ದು ಯವ್ವಾ. ಪದ ಏರಬೇಕಲ್ಲ?"

ಏರಲೇಬೇಕು. ಭಜನೆಯಲ್ಲಿ ಪಲ್ಲವಿ ಸಾವಕಾಶ ಶುರುವಾಗುತ್ತದೆ, ನುಡಿಯಿಂದ ನುಡಿಗೆ ತಾಳ ಬಿಗಿಯುತ್ತದೆ, ಕೊನೆಯ ನುಡಿಗೆ ಬರುವಾಗ ತಬಲಾದವನ ಬೆರಳು ಕಾಣುವುದಿಲ್ಲ. ಅಳೆದು ನೋಡಿದೆ: ನಿಮಿಷಕ್ಕೆ 84 ಬಡಿತದಲ್ಲಿ ಎದ್ದ ಪದ 120ರ ಹತ್ತಿರ ಮುಗಿದಿತ್ತು. ಏರಿಕೆ ಒಂದೇ ಸಮನಿಲ್ಲ. ನುಡಿ ಮುಗಿದು ಪಲ್ಲವಿಗೆ ಮರಳುವ ಜಾಗದಲ್ಲೇ ಜಿಗಿತ. ಅಲ್ಲಿಗೆ ಕ್ಲಿಕ್ ಬಿಟ್ಟೆವು. ಮೇಳ ತನ್ನಷ್ಟಕ್ಕೆ ಹಾಡಿತು. ಆಮೇಲೆ ನಾನು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ತಾಳದ ಪ್ರತಿ ಸಮ್, ಅಂದರೆ ಆವರ್ತದ ಮೊದಲ ಪೆಟ್ಟು, ಬೀಳುವಲ್ಲಿ ಗುರುತು ಹಾಕುತ್ತ, ಪರದೆಯ ಮೇಲೆ ಲಯ ತೋರಿಸುವ ಗೆರೆಗಳ ಗ್ರಿಡ್ಡನ್ನೇ ಹಾಡಿಗೆ ಹೊಂದಿಸಿದೆ. ಟೆಂಪೊ ಮ್ಯಾಪ್ ಎನ್ನುತ್ತಾರೆ. ಬೇಸರದ ಕೆಲಸ, ಕಣ್ಣು ಉರಿಯುತ್ತದೆ. ಆದರೆ ಅದು ಮುಗಿದ ಮೇಲೆ ಗಿಟಾರ್, ಬೇಸ್ ಎರಡೂ ಏರುವ ಪದದ ಬೆನ್ನಿಗೇ ಏರಿದವು. ಗೆಳೆಯ ಮೊದಮೊದಲು ಗೊಣಗಿದ, ಜಿಗಿತದ ಜಾಗಗಳು ಬಾಯಿಪಾಠವಾದ ಮೇಲೆ ಸುಮ್ಮನಾದ.

ಶ್ರುತಿಯದ್ದು ಇನ್ನೊಂದು ಕಥೆ. ತಾತನ ಹಾರ್ಮೋನಿಯಂ ಸಫೇದ್ ಪಾಂಚ್, ಅಂದರೆ ಐದನೆಯ ಬಿಳಿ ಮನೆಯೇ ಷಡ್ಜ. ಆದರೆ ಶ್ರುತಿ ಅಳೆಯುವ ಟ್ಯೂನರ್ ಹಿಡಿದರೆ ಹಳೆಯ ರೀಡುಗಳೆಲ್ಲ ತುಸು ಮೇಲೆ ಕೂತಿದ್ದವು, ಎ ಸ್ವರ ಎಲ್ಲರೂ ಆಧಾರವಾಗಿ ಹಿಡಿಯುವ 440ರ ಬದಲು 445 ಹರ್ಟ್ಸ್ ತೋರಿಸುತ್ತಿತ್ತು. ಇದಕ್ಕಾಗಿ ಹಾರ್ಮೋನಿಯಂ ಬಿಚ್ಚಿಸುವುದು ಶುದ್ಧ ದಂಡ. ಟ್ಯೂನರಿನ ಆಧಾರ ಸ್ವರವನ್ನೇ 445ಕ್ಕೆ ಇಟ್ಟು ಗಿಟಾರ್ ಶ್ರುತಿ ಮಾಡಿಕೊಂಡೆ, ಗೆಳೆಯನಿಗೂ ಅದನ್ನೇ ಬರೆದು ಕಳಿಸಿದೆ. ಹಳ್ಳಿಯ ವಾದ್ಯಗಳ ಜೊತೆ ಕೂರುವವರು ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ತಂತಿ ತಿರುವಲು ಎರಡು ನಿಮಿಷ ಸಾಕು.

ಅದೇ ಮನೆ ನನ್ನ ಕಂಠಕ್ಕೂ ಒಗ್ಗಿತು. ಆ ಕಡೆಯ ಗಂಡಸರು ಭಜನೆಯಲ್ಲಿ ಎಷ್ಟು ಎತ್ತರಕ್ಕೆ ಹಾಡುತ್ತಾರೆಂದರೆ, ಅವರ ತಾರಕ ನನ್ನ ನಡುದನಿಯ ಜಾಗಕ್ಕೆ ಬಂದು ನಿಲ್ಲುತ್ತದೆ. ಸ್ಥಾಯಿ ಒಂದೇ ಆದರೂ ರೇಡಿಯೊದಲ್ಲಿ ಕಲಿತ ಅರ್ಧ ಉಸಿರು ಅವರ ಪಕ್ಕ ಕೇಳಿಸಲೇ ಇಲ್ಲ. ಮೈಕಿನಿಂದ ಒಂದು ಮೊಳ ಹಿಂದೆ ಸರಿದು, ಗಂಟಲು ಬಿಟ್ಟು ಹಾಡಿದಾಗಲೇ ಕೂಡಿತು. ಹೊಸ ಹಾಡುಗಳಲ್ಲಿ ಕೇಳುವುದು ಆ ಕಂಠ. ಹಳೆಯ ಗೆಳತಿಯೊಬ್ಬಳು ಇದು ನೀನಲ್ಲ ಎಂದಳು, ನಾನು ವಾದಕ್ಕೆ ಹೋಗಲಿಲ್ಲ.

ಮೇಳದ ಹಾಡನ್ನು ಅವರ ಊರಿನ ಮಠದ ಪಡಸಾಲೆಯಲ್ಲೇ ರೆಕಾರ್ಡ್ ಮಾಡಿದ್ದು. ತೊಂದರೆ ಕೊಟ್ಟದ್ದು ತಾಳ. ಆ ಹಿತ್ತಾಳೆಯ ನಾದ ಯಾವ ಮೈಕನ್ನೂ ಬಿಡುವುದಿಲ್ಲ. ಮೈಕಿನ ಬೆನ್ನಿಗೆ ಕೇಳುವುದು ಕಡಿಮೆಯಾದ್ದರಿಂದ ತಾಳದವರನ್ನು ಬಾಗಿಲ ಹತ್ತಿರ, ಎಲ್ಲ ಮೈಕುಗಳ ಬೆನ್ನ ಕಡೆ ಕೂರಿಸಿದೆ. ಮೂಲೆಗೆ ಹಾಕಿದಿರೆಂದು ಅವರು ಮುಖ ಊದಿಸಿದರು. ತಾತ ಎರಡು ಮಾತಾಡಿ ಸರಿ ಮಾಡಿದರು. ಜನರೇಟರ್ ಬೇಡವೆಂದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದರೆ ಗುಂಯ್ ಎನ್ನುವ ಸದ್ದು ಅರ್ಧಕ್ಕರ್ಧ ಹೋಗುತ್ತದೆ, ಮೈಕುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸಿಗೂ ಕರೆಂಟು ಯುಎಸ್‌ಬಿಯಿಂದಲೇ ಸಿಗುತ್ತದೆ.

ನನ್ನ ಭಾಗ ಹಾಡಿದ್ದು ಗಂಜ್ ಮಾರುಕಟ್ಟೆ ಹತ್ತಿರದ ನಮ್ಮ ಮನೆಯಲ್ಲಿ. ಹತ್ತಿಯ ಸೀಜನ್ನಿನಲ್ಲಿ ರಾತ್ರಿಯೆಲ್ಲ ಲಾರಿ. ಸ್ಟುಡಿಯೊದ ಫೋಮ್ ಹಲಗೆಗಳ ಬೆಲೆ ಕೇಳಿ ಕೈಬಿಟ್ಟು, ಅವ್ವ ಹೊಲಿದ ಕೌದಿಗಳನ್ನು ಗೋಡೆಯಿಂದ ಗೇಣು ದೂರಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟೆ. ಗೋಡೆಗೆ ಅಂಟಿಸಿದ್ದಕ್ಕಿಂತ ನಡುವೆ ಗಾಳಿ ಇದ್ದರೆ ಸದ್ದು ಹೆಚ್ಚು ಹೀರುತ್ತವೆ. ಮೂಲೆಗಳಲ್ಲಿ ಅರಳೆ ತುಂಬಿದ ಚೀಲ. ಊರಲ್ಲಿ ಅರಳೆಗೇನು ಬರ. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಆ ಕೋಣೆಯಲ್ಲಿ ನಿಂತವರಿಗೆ ಮಾತ್ರ ರಾಯಚೂರಿನ ಬಿಸಿಲೆಂದರೇನೆಂದು ಗೊತ್ತಾಗುತ್ತದೆ, ಆದ್ದರಿಂದ ಬೆಳಗಿನ ಜಾವವೇ ಗತಿ. ಮಿಕ್ಸಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪಾಟಿಫೈ ಹೇಗೂ ಎಲ್ಲರ ಹಾಡನ್ನೂ ಮೈನಸ್ 14 ಲಫ್ಸ್ (ಹಾಡಿನ ಒಟ್ಟಾರೆ ಜೋರು ಅಳೆಯುವ ಮಾನ) ಆಸುಪಾಸಿಗೆ ತರುತ್ತದೆ, ಜೋರು ಮಾಡಲು ಗುದ್ದಾಡಿ ಏರಿಳಿತ ಕೊಲ್ಲುವುದರಲ್ಲಿ ಅರ್ಥವಿಲ್ಲ.

ಹಕ್ಕಿನ ವಿಷಯಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು. ನಮ್ಮಲ್ಲಿ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಮಾನ್ವಿಯ ಜಗನ್ನಾಥದಾಸರಂಥ ಹದಿನೆಂಟನೇ ಶತಮಾನದವರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಪದಕ್ಕೆ ಇತ್ತೀಚೆಗೆ ಯಾರೋ ಹಾಕಿದ ಮಟ್ಟು ಅವರದ್ದು. ಕ್ಯಾಸೆಟ್ ಕೇಳಿ ಕಲಿತ ಮಟ್ಟನ್ನು ಪರಂಪರೆಯದೆಂದು ಹಾಡಿಬಿಡುವವರು ನಮ್ಮ ಕಡೆ ಬಹಳ. ನಾವು ಎತ್ತಿಕೊಂಡದ್ದು ಮೇಳದಲ್ಲಿ ತಲೆಮಾರಿನಿಂದ ಬಂದ ಮಟ್ಟು.

ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಂಪನಿಯ ಅರ್ಜಿಯಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿ ಬೇಕೇ ಎಂಬ ಚೌಕವೊಂದಿರುತ್ತದೆ. ಟಿಕ್ ಹಾಕಿದರೆ ನಮ್ಮ ರೆಕಾರ್ಡಿಂಗಿಗೆ ಹೋಲುವ ಸದ್ದಿರುವ ವಿಡಿಯೊಗಳ ಮೇಲೆ ತಂತಾನೇ ಹಕ್ಕುಸಾಧನೆ ಬೀಳುತ್ತದೆ. ತತ್ವಪದದ ಹಾಡಿಗೆ ನಾನು ಟಿಕ್ ಹಾಕಲಿಲ್ಲ. ನಾಳೆ ಪಕ್ಕದ ಊರಿನ ಮೇಳ ಅದೇ ಪದ ಹಾಡಿ ಮೊಬೈಲಲ್ಲಿ ಏರಿಸಿದ್ದು ನಮ್ಮದರಂತೆಯೇ ಇದೆಯೆಂದು ಸಿಕ್ಕಿಬಿದ್ದರೆ, ಅದರ ದುಡ್ಡು ನನ್ನ ಖಾತೆಗೆ ಬರುವುದು ಯಾವ ನ್ಯಾಯ? ನನ್ನದೇ ಸಾಹಿತ್ಯ, ನನ್ನದೇ ಮಟ್ಟಿನ ಹಾಡುಗಳಿಗೆ ಹಾಕಿದ್ದೇನೆ.

ಮೇಳದವರ ಜೊತೆ ಒಂದು ಹಾಳೆಯ ಕರಾರು, ಕನ್ನಡದಲ್ಲೇ. ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರಕಾರ ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಅದನ್ನು ಓದಿ ಹೇಳಿ, ಬರುವ ಹಣದಲ್ಲಿ ಅರ್ಧ ಮೇಳಕ್ಕೆ, ಉಳಿದದ್ದು ನಾನು ಮತ್ತು ಗೆಳೆಯ ಎಂದು ಬರೆದೆವು. "ಬರ್ತತೇನವ್ವಾ ರೊಕ್ಕ?" ಅಂತ ತಬಲಾದ ಮಾವ ಕೇಳಿದರು. ಸ್ಟ್ರೀಮಿಂಗಿನಲ್ಲಿ ಬರುವುದು ಪೈಸೆಗಳ ಲೆಕ್ಕ, ಅದನ್ನು ಮುಚ್ಚಿಡದೆ ಹೇಳಿದೆ. ಹಾಗಾಗಿ ರೆಕಾರ್ಡಿಂಗ್ ದಿನದ ಕೂಲಿ ಅಂದೇ ಕೈಗೆ, ಪಾಲು ಬೇರೆ. ಎಲ್ಲರ ಹೆಸರೂ ಹಾಡಿನ ವಿವರದಲ್ಲಿದೆ, ಮೇಳದ ಹೆಸರು ನನ್ನ ಹೆಸರಿಗಿಂತ ಮೊದಲು.

ಮುಂದಿನ ಹಾಡಿಗೆ ಹಲಗೆ ವಾದ್ಯ ಬೇಕು. ಅದನ್ನು ಪಡಸಾಲೆಯೊಳಗೆ ಬಾರಿಸಿದರೆ ಮೈಕು ಕಿವುಡಾಗುತ್ತದೆ, ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ರೆಕಾರ್ಡ್ ಮಾಡುವ ವಿಚಾರವಿದೆ. ಗಾಳಿಯ ಸದ್ದು ತಡೆಯಲು ಮೈಕಿನ ಮೇಲೆ ಹೊದಿಸುವ ಕುಚ್ಚು ತೊಪ್ಪಿಗೆಗೆ ಆರ್ಡರ್ ಹಾಕಿದ್ದಾಗಿದೆ.