ಹುಳು ಜ್ವರಕ್ಕೆ ಕೂತಾಗ ಪಾಠ: ದೊಡ್ಡವರಿಗೆ ರೇಷ್ಮೆ ಕೆಲಸ ಕಲಿಸುವ ಕ್ರಮ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಬೆಳೆಗಾರರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ದಿನವಿಡೀ ಕೂರಿಸಿ ಎಲ್ಲವನ್ನೂ ಒಟ್ಟಿಗೆ ಹೇಳುವ ತರಬೇತಿಯನ್ನು ನಾನು ಮಾಡುವುದಿಲ್ಲ. ಅದೇ ವಿಷಯವನ್ನು ನಾಲ್ಕಾಗಿ ಒಡೆದು ಬೆಳೆಯ ಜೊತೆಯಲ್ಲೇ ನಡೆಸುತ್ತೇನೆ: ಚಾಕಿ ಹುಳು (ಕೇಂದ್ರದಲ್ಲಿ ಸಾಕಿ ಕೊಡುವ ಎಳೆಯ ಹುಳು) ಬರುವ ಮುಂಚೆ ಹುಳು ಸಾಕುವ ಮನೆಗೆ ರೋಗಾಣು ಕೊಲ್ಲುವ ಔಷಧಿ ಹೊಡೆಯುವ ದಿನ, ಮೂರನೇ ಜ್ವರದ, ಅಂದರೆ ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ದಿನ, ನಾಲ್ಕನೇ ಜ್ವರದ ದಿನ, ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಹೊತ್ತು. ಒಂದೊಂದೂ ಎರಡು ಗಂಟೆ ಮೀರುವುದಿಲ್ಲ.

ಜ್ವರದ ದಿನವನ್ನೇ ಆರಿಸಲು ಕಾರಣವಿದೆ. ಹುಳು ಪೊರೆ ಬಿಡಲು ಕೂತಾಗ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸವಿರುವುದಿಲ್ಲ, ಹಾಗಾಗಿ ಮನೆಯವರ ಕೈ ಬಿಡುವಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ಕಲಿತದ್ದನ್ನು ಮಾರನೇ ದಿನವೇ ಮಾಡಬೇಕಾಗುತ್ತದೆ. ಇದು ಯಾಕೆ ಬೇಕು ಎಂಬುದು ತಿಳಿಯದಿದ್ದರೆ ದೊಡ್ಡವರು ಕಲಿಯಲು ಮನಸ್ಸು ಕೊಡುವುದಿಲ್ಲ ಎಂದು ಅಮೆರಿಕದ ವಯಸ್ಕರ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದರು. ಜ್ವರಕ್ಕೆ ಕೂತ ಹುಳು ಮುಂದಿದ್ದರೆ ಆ ಯಾಕೆಯನ್ನು ನಾನು ವಿವರಿಸಬೇಕಾಗಿಲ್ಲ. ಎರಡು ಪಾಠಗಳ ನಡುವೆ ಕೆಲವು ದಿನ ತಾನಾಗಿಯೇ ಬೀಳುತ್ತದೆ, ಎರಡು ತಿಂಗಳಿಗೆ ಮುಂದಿನ ಬೆಳೆ ಬಂದಾಗ ಅದೇ ಕೆಲಸ ಮತ್ತೆ ಎದುರಾಗುತ್ತದೆ. ಹೀಗೆ ಬಿಟ್ಟು ಬಿಟ್ಟು ಕಲಿತದ್ದು ಒಂದೇ ಉಸಿರಿಗೆ ಕಲಿತದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ ಎಂಬುದು 1885ರಲ್ಲಿ ಹರ್ಮನ್ ಎಬ್ಬಿಂಗ್‌ಹಾಸ್ ನೆನಪಿನ ಬಗ್ಗೆ ಬರೆದಾಗಿನಿಂದ ಗೊತ್ತಿರುವ ಸಂಗತಿ.

ಇದಕ್ಕೆ ಒಂದು ಷರತ್ತಿದೆ. ಗುಂಪಿನ ಎಲ್ಲರೂ ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ಹುಳು ತಂದಿರಬೇಕು, ಇಲ್ಲವಾದರೆ ಒಬ್ಬರ ಹುಳು ಜ್ವರದಲ್ಲಿರುವಾಗ ಇನ್ನೊಬ್ಬರದು ಹಣ್ಣಾಗಿರುತ್ತದೆ. ಹನ್ನೆರಡು ಜನ ಸಾಕು. ಹೆಚ್ಚಾದರೆ ಹಿಂದೆ ನಿಂತವರ ಕೈಗೆ ಏನೂ ಸಿಗುವುದಿಲ್ಲ. ಸಮಯ ಹನ್ನೊಂದರಿಂದ ಒಂದು: ಡೇರಿಗೆ ಹಾಲು ಹಾಕಿ, ದನಗಳಿಗೆ ಮೇವು ನೋಡಿ ಬರಲು ಅಷ್ಟು ಹೊತ್ತು ಬೇಕೇ ಬೇಕು. ಗಂಡಸರನ್ನಷ್ಟೇ ಕರೆದರೆ ತರಬೇತಿ ದಂಡ. ಸೊಪ್ಪು ಹಾಕುವುದು, ಹಾಸಿಗೆ (ತಟ್ಟೆಯಲ್ಲಿ ಹುಳು, ಸೊಪ್ಪು ಹರಡಿದ ಜಾಗ) ನೋಡುವುದು ಬಹುಪಾಲು ಹೆಂಗಸರು, ಸಹಿ ಹಾಕಿ ಚಹಾ ಕುಡಿದು ಹೋಗುವುದು ಮನೆಯ ಯಜಮಾನರು. ಅದಕ್ಕೆ ಒಂದು ಮನೆಯಿಂದ ಇಬ್ಬರು ಬನ್ನಿ ಎಂದು ಮೊದಲೇ ಹೇಳುತ್ತೇನೆ.

ಮೊದಲ ಪಾಠ ಔಷಧಿ ಹೊಡೆಯುವುದು. ‘ಶೇಕಡಾ 2ರ ಬ್ಲೀಚಿಂಗ್ ದ್ರಾವಣ, ಶೇಕಡಾ 0.3ರ ಸುಣ್ಣದ ನೀರಿನಲ್ಲಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಕಣ್ಣಂದಾಜಿಗೆ ಸುರಿಯುತ್ತಾರೆ. ಹಾಗಾಗಿ ಶೇಕಡಾ ಎಂಬ ಮಾತನ್ನೇ ಎತ್ತುವುದಿಲ್ಲ. ಹತ್ತು ಲೀಟರ್ ಬಕೆಟ್‌ಗೆ 200 ಗ್ರಾಂ ಬ್ಲೀಚಿಂಗ್, 30 ಗ್ರಾಂ ಅರಳಿದ ಸುಣ್ಣ. ತಕ್ಕಡಿಯಲ್ಲಿ ತೂಗಿ, ಅವರವರ ಮನೆಯ ಲೋಟ, ಡಬ್ಬಿಗೆ ತುಂಬಿಸಿ, ಅಷ್ಟಕ್ಕೆ ಪೇಂಟಿನಲ್ಲಿ ಗೆರೆ ಹಾಕಿಸುತ್ತೇನೆ. ಇನ್ನು ಮುಂದೆ ತಕ್ಕಡಿ ಬೇಡ, ಗೆರೆ ಸಾಕು. ನೆಲದ ಒಂದು ಚದರ ಮೀಟರ್‌ಗೆ 2 ಲೀಟರ್ ಲೆಕ್ಕ, ಅಂದರೆ ಹತ್ತಡಿಗೆ ಹತ್ತಡಿ ಜಾಗಕ್ಕೆ ಸುಮಾರು ಎರಡು ಬಕೆಟ್. ತಟ್ಟೆ, ಸ್ಟ್ಯಾಂಡ್, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಬೇರೆ. ಮೊದಲ ಬಕೆಟ್ ನಾನು ಕಲಸುತ್ತೇನೆ, ಎರಡನೆಯದನ್ನು ಅವರು ಕಲಸುವಾಗ ಪಕ್ಕದಲ್ಲಿ ನಿಲ್ಲುತ್ತೇನೆ, ಮೂರನೆಯದಕ್ಕೆ ದೂರ ಹೋಗುತ್ತೇನೆ. ಮಾಸ್ಕ್, ಕೈಗವಸು ಮೂರಕ್ಕೂ ಕಡ್ಡಾಯ. ಇಲ್ಲಿ ಕೆಡುವುದು ಅಳತೆಗಿಂತ ಹೆಚ್ಚಾಗಿ ಪುಡಿ. ಹೋದ ಬೆಳೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಕ್ಲೋರಿನ್ ಅಷ್ಟೊತ್ತಿಗೆ ಹಾರಿಹೋಗಿರುತ್ತದೆ, ವಾಸನೆ ಮಾತ್ರ ಇದ್ದೇ ಇರುತ್ತದೆ.

ಜ್ವರದ ಪಾಠದಲ್ಲಿ ಹೆಚ್ಚು ಹೊತ್ತು ಹೋಗುವುದು ‘ಯಾವಾಗ ಮತ್ತೆ ಸೊಪ್ಪು ಹಾಕಬೇಕು’ ಎಂಬುದಕ್ಕೆ. ಪೊರೆ ಬಿಟ್ಟು ಮೊದಲು ಎದ್ದ ಹುಳು ತಲೆಯೆತ್ತಿ ಅಲೆದಾಡುವುದನ್ನು ನೋಡಿದರೆ ಯಾರಿಗಾದರೂ ಪಾಪ ಅನ್ನಿಸುತ್ತದೆ, ಒಂದು ಹಿಡಿ ಹಾಕಿಬಿಡುತ್ತಾರೆ. ಎದ್ದವು ತಿಂದು ಮುಂದೆ ಹೋಗುತ್ತವೆ, ಕೂತವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ, ಕೊನೆಗೆ ಹಣ್ಣಾಗುವುದೂ ಎರಡು ಮೂರು ದಿನಕ್ಕೆ ಹರಡಿಕೊಳ್ಳುತ್ತದೆ. ನಿಯಮ ಸರಳ: ನೂರಕ್ಕೆ ತೊಂಬತ್ತರಿಂದ ತೊಂಬತ್ತೈದು ಎದ್ದ ಮೇಲೆ ಸೊಪ್ಪು, ಅದಕ್ಕೂ ಅರ್ಧ ಗಂಟೆ ಮುಂಚೆ ಹಾಸಿಗೆಗೆ ರೋಗ ತಡೆಯುವ ವಿಜೇತ ಪುಡಿ. ಆದರೆ ನಿಯಮ ಹೇಳಿದರೆ ಕಣ್ಣಿಗೆ ಅಭ್ಯಾಸವಾಗುವುದಿಲ್ಲ. ಹಾಸಿಗೆಯ ಹತ್ತು ಕಡೆ ಹತ್ತತ್ತು ಹುಳು ಎಣಿಸಲು ಹೇಳುತ್ತೇನೆ. ಎಣಿಸುವ ಮುಂಚೆ ಎಷ್ಟು ಎದ್ದಿರಬಹುದು ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಅಂದಾಜು ಹೇಳಬೇಕು. ಅಲೆದಾಡುವ ಹುಳುವೇ ಕಣ್ಣಿಗೆ ಬೀಳುವುದರಿಂದ ಅಂದಾಜು ಬಹುತೇಕ ಹೆಚ್ಚೇ ಇರುತ್ತದೆ. ಆ ತಪ್ಪು ಅವರ ಲೆಕ್ಕದಲ್ಲೇ ಸಿಕ್ಕಿದ್ದರಿಂದ ನಾನು ತಿದ್ದಬೇಕಾಗಿಲ್ಲ, ಅವರಿಗೆ ನಾಚಿಕೆಯೂ ಇಲ್ಲ.

ತೇವಾಂಶ ನೋಡುವ ಜೋಡಿ ಥರ್ಮಾಮೀಟರ್‌ಗೂ ಇದೇ ಕ್ರಮ. ಒಣ ಬಲ್ಬ್ 25, ನೀರಿನ ಬತ್ತಿ ಸುತ್ತಿದ ಒದ್ದೆ ಬಲ್ಬ್ 21 ಇದ್ದರೆ ತೇವಾಂಶ ಸುಮಾರು ಶೇಕಡಾ 70, ಐದನೇ ಹಂತದ (ನಾಲ್ಕನೇ ಜ್ವರ ಕಳೆದ) ಹುಳುವಿಗೆ ಸರಿ. ಬತ್ತಿಯ ನೀರು ಮುಗಿಸಿಟ್ಟು, ಎರಡೂ 25 ತೋರಿಸುವಾಗ ‘ಈಗೇನು ಮಾಡ್ತೀರಿ?’ ಎನ್ನುತ್ತೇನೆ. ‘ತೇವ ಜಾಸ್ತಿ ಸಾರ್, ಕಿಟಕಿ ತೆಗೀಬೇಕು’ ಎಂಬ ಉತ್ತರ ಬರುತ್ತದೆ. ಆಮೇಲೆ ಬತ್ತಿ ಮುಟ್ಟಿಸುತ್ತೇನೆ, ಅದು ಒಣಗಿರುತ್ತದೆ. ಮಾರ್ಚ್, ಏಪ್ರಿಲ್‌ನ ನಮ್ಮ ಒಣ ಹವೆಯಲ್ಲಿ ಹಾಗೆ ಕಿಟಕಿ ತೆಗೆದರೆ ಹಾಕಿದ ಸೊಪ್ಪು ಗಂಟೆಗಳಲ್ಲಿ ಬಾಡುತ್ತದೆ. ಅಂದಹಾಗೆ, ‘ಇದು ನಮಗೆ ತಿಳಿಯಲ್ಲ ಬಿಡಿ’ ಎನ್ನುವ ಹಲವರಿಗೆ ತಿಳಿಯದಿರುವುದಲ್ಲ, ಕಾಣದಿರುವುದು. ಒಂದೂವರೆ, ಎರಡು, ಎರಡೂವರೆ ಪವರಿನ ಓದುವ ಕನ್ನಡಕಗಳು ನನ್ನ ಚೀಲದಲ್ಲಿ ಸದಾ ಇರುತ್ತವೆ.

ಪ್ರತಿ ಪಾಠದ ಮೊದಲ ಹತ್ತು ನಿಮಿಷ ನಾನು ಮಾತಾಡುವುದಿಲ್ಲ. ಹೋದ ಸಲದ್ದನ್ನು ಇಬ್ಬಿಬ್ಬರು ಕೂತು ಒಬ್ಬರಿಗೊಬ್ಬರು ಹೇಳಬೇಕು, ಕಾಗದ ನೋಡುವಂತಿಲ್ಲ. ಬಾಗೇಪಲ್ಲಿ, ಚಿಂತಾಮಣಿ ಕಡೆಯವರು ತೆಲುಗಿನಲ್ಲೇ ಹೇಳಲಿ ಎನ್ನುತ್ತೇನೆ, ಮನೆಯಲ್ಲಿ ಕೆಲಸ ನಡೆಯುವುದು ಆ ಭಾಷೆಯಲ್ಲೇ. ನೆನಪಾಗದೆ ತಡವರಿಸುವುದು ನೋಡಲು ಕಷ್ಟ, ಆದರೂ ಬಾಯಿ ಹಾಕಬಾರದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಗದ್ಯ ಭಾಗ ಕೊಟ್ಟು ಪರೀಕ್ಷಿಸಿದರು. ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಶೇಕಡಾ 83ರಷ್ಟು ನೆನಪಿಟ್ಟಿದ್ದರು; ಒಮ್ಮೆ ಓದಿ ಉಳಿದ ಹೊತ್ತು ನೋಡದೆ ನೆನೆಸಿಕೊಂಡವರು 71. ಒಂದು ವಾರ ಕಳೆದ ಮೇಲೆ ಓದಿದವರದು 40ಕ್ಕೆ ಇಳಿದಿತ್ತು, ನೆನೆಸಿಕೊಂಡವರದು 61ರಲ್ಲಿ ನಿಂತಿತ್ತು. ತರಬೇತಿಯ ಸಂಜೆ ತುಂಬಿಸುವ ಅಭಿಪ್ರಾಯ ಪತ್ರವನ್ನು ನಾನು ನಂಬದಿರುವುದು ಇದಕ್ಕೇ. ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಯೂ ಹಾಗೆಯೇ, ಅದಕ್ಕೆ ‘ಆಯ್ತು ಸಾರ್’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಬದಲಿಗೆ ‘ಹತ್ತರಲ್ಲಿ ಆರು ಎದ್ದಿವೆ, ಬೆಳಿಗ್ಗೆ ಏಳು ಗಂಟೆ, ಏನ್ ಮಾಡ್ತೀರಕ್ಕ?’ ಎಂದು ಕೇಳಿದರೆ ತಿಳಿದದ್ದೆಷ್ಟು ಎಂಬುದು ಕೂಡಲೇ ಗೊತ್ತಾಗುತ್ತದೆ.

ರೋಗ ಗುರುತಿಸುವುದನ್ನು ಒಂದಾದ ಮೇಲೊಂದು ಹೇಳಿಕೊಟ್ಟರೆ ಪಾಠದಲ್ಲಿ ಸಲೀಸು, ಹಾಸಿಗೆಯ ಮುಂದೆ ಗೊಂದಲ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಮೂರರ ಚಿತ್ರಗಳನ್ನೂ ಒಳ್ಳೆಯ ಹುಳುವಿನ ಚಿತ್ರಗಳನ್ನೂ ಇಸ್ಪೀಟಿನಂತೆ ಕಲಸಿ ಹಂಚುತ್ತೇನೆ. ಹೆಸರಿನ ಜೊತೆ ಕಾರಣವನ್ನೂ ಹೇಳಬೇಕು: ಉಂಗುರ ಉಬ್ಬಿದೆ, ಚುಚ್ಚಿದರೆ ಹಾಲಿನಂಥ ರಸ. ಮೈ ಮೆತ್ತಗಾಗಿ ಕಪ್ಪಗೆ ನಾರುತ್ತಿದೆ. ಸತ್ತು ಸೀಮೆಸುಣ್ಣದ ಹಾಗೆ ಗಟ್ಟಿಯಾಗಿದೆ. ರೋಗದ ಹುಳುವನ್ನೇ ತಂದು ತೋರಿಸುವ ಹುಮ್ಮಸ್ಸು ಬೇಡ, ಪಾಠದ ಜೊತೆ ರೋಗವೂ ಹನ್ನೆರಡು ಮನೆಗೆ ಹೋಗುತ್ತದೆ. ಅದೇ ಭಯಕ್ಕೆ ಪಾಠ ನಡೆಯುವ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದದೆ ಯಾರೂ ಒಳಗೆ ಬರುವಂತಿಲ್ಲ, ನಾನೂ ಸೇರಿ.

ಹೊಸಬರಿಗಿಂತ ಹಳಬರಿಗೆ ಕಲಿಸುವುದು ಕಷ್ಟ. ಮೂವತ್ತು ವರ್ಷ ಮಿಶ್ರತಳಿಯ ಹಳದಿ ಗೂಡು ಬೆಳೆದವರು ಬೈವೋಲ್ಟಿನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಬಿಳಿ ಗೂಡಿಗೆ ಬಂದಾಗ ಅನುಭವವೇ ಅಡ್ಡ ಬರುತ್ತದೆ, ಮಿಶ್ರತಳಿ ತಡೆದುಕೊಳ್ಳುತ್ತಿದ್ದ ಸೆಕೆ, ಕೊಳೆ, ಒರಟು ಸೊಪ್ಪನ್ನು ಬೈವೋಲ್ಟಿನ್ ತಡೆಯುವುದಿಲ್ಲ. ‘ಅದು ತಪ್ಪು’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಗೋಡೆಯ ಮೇಲೆ ಎರಡು ಸಾಲು ಬರೆಸುತ್ತೇನೆ: ಮೊದಲಿನ ಹಾಗೇ ಇರುವುದು, ಈಗ ಬದಲಾಗುವುದು. ಮೊದಲ ಸಾಲು ಉದ್ದವಾಗುತ್ತದೆ, ಎರಡನೆಯದರಲ್ಲಿ ನಾಲ್ಕೈದೇ ಇರುತ್ತವೆ. ಆ ನಾಲ್ಕೈದನ್ನು ಆಮೇಲೆ ಅವರೇ ಕಿರಿಯರಿಗೆ ಹೇಳಿಕೊಡುತ್ತಾರೆ.

ಕಲಿತರೋ ಇಲ್ಲವೋ ಎಂಬುದನ್ನು ಮುಂದಿನ ಬೆಳೆಯಲ್ಲಿ ನೋಡುತ್ತೇನೆ: ಡಬ್ಬಿಯ ಗೆರೆ ಉಳಿದಿದೆಯೇ, ಬತ್ತಿಯಲ್ಲಿ ನೀರಿದೆಯೇ, ಎಣಿಸಿ ಸೊಪ್ಪು ಹಾಕಿದರೇ. ಮಾಡದವರಲ್ಲಿ ಮರೆತವರು ಕಡಿಮೆ, ಸೊಪ್ಪು ಸಾಲದವರು ಹೆಚ್ಚು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಹೋಗುವುದು ಐದನೇ ಹಂತದಲ್ಲಿ. ತೋಟದ ಸೊಪ್ಪಿಗೆ ಮೀರಿ ಮೊಟ್ಟೆ ತಂದವರು ಆ ವಾರ ಎಳೆಯದು, ಬಲಿತದ್ದು, ಧೂಳು ಕೂತದ್ದು ಎಲ್ಲವನ್ನೂ ಹಾಕುತ್ತಾರೆ, ಹಾಕಬಾರದೆಂದು ಅವರಿಗೆ ನನ್ನಷ್ಟೇ ಚೆನ್ನಾಗಿ ಗೊತ್ತು. ಅವರಿಗೆ ಮತ್ತೆ ಪಾಠ ಮಾಡುವುದಿಲ್ಲ. ಜೊತೆಯಲ್ಲಿ ತೋಟಕ್ಕೆ ಹೋಗಿ ಸೊಪ್ಪಿನ ಅಂದಾಜು ಮಾಡಿ, ಮುಂದಿನ ಬೆಳೆಗೆ ಎಷ್ಟು ಮೊಟ್ಟೆ ಕಡಿಮೆ ಮಾಡಬೇಕೆಂದು ಅಲ್ಲೇ ಲೆಕ್ಕ ಹಾಕುತ್ತೇವೆ.