ಥಿಯೇಟರಿನ ಬಾಗಿಲಲ್ಲಿ ಪಡೆದ ಸಹಿಗಳು

ಶಸ್ತ್ರಚಿಕಿತ್ಸಕನಾದ ಮೊದಲ ಕೆಲವು ವರ್ಷ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ. ರೋಗಿ ಸ್ಟ್ರೆಚರಿನ ಮೇಲೆ ಮಲಗಿರುತ್ತಿದ್ದರು. ಕನ್ನಡಕ ಆಗಲೇ ಮನೆಯವರ ಕೈ ಸೇರಿರುತ್ತಿತ್ತು. 'ಇಲ್ಲೊಂದು, ಇಲ್ಲೊಂದು' ಎಂದು ಬೆರಳಿಟ್ಟು ತೋರಿಸಿದರೆ ಕೆಲಸ ಮುಗಿಯಿತು. ಕನ್ನಡಕವಿಲ್ಲದವರು ಏನನ್ನು ಓದಿ ಒಪ್ಪಿದರು ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಹೊಳೆಯುವಂತೆ ಮಾಡಿದವರು ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡ ಒಬ್ಬ ಮಹಿಳೆ. ಸಣ್ಣ ರಂಧ್ರಗಳ ಮೂಲಕ ಆರಂಭಿಸಿದ್ದೆ. ಒಳಗೆಲ್ಲ ಅಂಟಿಕೊಂಡಿದ್ದರಿಂದ ಹೊಟ್ಟೆ ತೆರೆಯಬೇಕಾಯಿತು. ತೀರ್ಮಾನ ಸರಿಯಾಗಿಯೇ ಇತ್ತು, ಹಾಗೆ ಆಗಬಹುದೆಂದು ಪತ್ರದ ಮೂರನೆಯ ಪುಟದಲ್ಲಿ ಅಚ್ಚಾಗಿಯೂ ಇತ್ತು. ಮರುದಿನ ಅವರು ಹೇಳಿದರು: "ಗಾಯಕ್ಕೆ ನನಗೆ ಬೇಸರವಿಲ್ಲ ಡಾಕ್ಟರೇ. ಇಷ್ಟು ದೊಡ್ಡ ಪಟ್ಟಿ ನೋಡಿ, ಒಳಗೇನೋ ಕೆಟ್ಟದ್ದು ಸಿಕ್ಕಿದೆ, ನನ್ನಿಂದ ಮುಚ್ಚಿಡುತ್ತಿದ್ದೀರಿ ಎಂದುಕೊಂಡು ರಾತ್ರಿಯೆಲ್ಲ ಎಚ್ಚರವಾಗಿದ್ದೆ." ಎರಡು ನಿಮಿಷದ ಮಾತು ಉಳಿಸಿಕೊಂಡು ಅವರ ಒಂದು ರಾತ್ರಿಯನ್ನು ಕಳೆದಿದ್ದೆ.

ಈಗ ಆ ಮಾತುಕತೆ ಆಪರೇಷನ್ ದಿನ ನಿಗದಿಯಾಗುವ ಮುಂಚೆಯೇ ನಡೆಯುತ್ತದೆ, ಕುಳಿತುಕೊಂಡು. ರೋಗ ಏನು, ನಾನು ಏನು ಮಾಡುತ್ತೇನೆ, ಬೇರೆ ದಾರಿ ಏನಿದೆ, ಏನೂ ಮಾಡದಿದ್ದರೆ ಏನಾಗುತ್ತದೆ. ಕೊನೆಯದನ್ನು ಮೊದಲೆಲ್ಲ ನುಂಗಿಬಿಡುತ್ತಿದ್ದೆ. ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡಿದ್ದು, ತೊಂದರೆಯೇ ಇಲ್ಲದಿದ್ದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಕೆಲವರು ಎದ್ದು ಮನೆಗೆ ಹೋಗುತ್ತಾರೆ. ಹೋಗಲಿ. 'ಅಪರೂಪಕ್ಕೆ ಪಿತ್ತನಾಳಕ್ಕೆ ಪೆಟ್ಟಾಗಬಹುದು' ಎನ್ನುವ ಬದಲು 'ಸಾವಿರ ಜನರಲ್ಲಿ ಮೂರು ನಾಲ್ಕು ಮಂದಿಗೆ' ಎನ್ನುತ್ತೇನೆ. 'ಅಪರೂಪ' ಎಂದರೆ ಒಬ್ಬೊಬ್ಬರಿಗೂ ಒಂದೊಂದು ಅಳತೆ.

'ಅರ್ಥವಾಯಿತೇ?' ಎಂದು ಕೇಳುವುದನ್ನು ಬಿಟ್ಟಿದ್ದೇನೆ; ಎಲ್ಲರೂ ತಲೆಯಾಡಿಸುತ್ತಾರೆ. "ನಾನು ಸರಿಯಾಗಿ ವಿವರಿಸಿದೆನೋ ಇಲ್ಲವೋ ನೋಡಬೇಕು. ಮನೆಯಲ್ಲಿ ಕೇಳಿದರೆ ಏನು ಹೇಳುತ್ತೀರಿ?" ಎನ್ನುತ್ತೇನೆ. ಎಲ್ಲಕ್ಕೂ ತಲೆಯಾಡಿಸಿದ್ದ ಒಬ್ಬರು, "ಕಲ್ಲು ತೆಗೆಯುತ್ತೀರಿ, ಚೀಲ ಹಾಗೇ ಇರುತ್ತದೆ" ಎಂದರು. ಚೀಲವನ್ನೇ ತೆಗೆಯುವುದು ಎಂದು ಹೇಳಿದ್ದೇನೆ ಎಂದು ನಾನು ಪ್ರಮಾಣ ಮಾಡಲು ಸಿದ್ಧನಿದ್ದೆ. ಮತ್ತೆ ಮೊದಲಿನಿಂದ, ಚಿತ್ರ ಬರೆದು ಹೇಳಿದೆ.

ಪ್ರಜ್ಞೆಯಿಲ್ಲದೆ ಬಂದವರ ವಿಷಯ ಬೇರೆ. ಅವರು ಮೊದಲೇ ಬೇಡವೆಂದು ಹೇಳಿಟ್ಟಿರದಿದ್ದರೆ, ಜೀವ ಉಳಿಸಲು ಸಹಿಗಾಗಿ ಕಾಯುವುದಿಲ್ಲ.

ಕಷ್ಟದ್ದೆಂದರೆ ವಾರ್ಡಿನ ಹೊರಗೆ ನಿಂತು 'ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ' ಎನ್ನುವ ಮಕ್ಕಳು. ವಿಶ್ವ ವೈದ್ಯಕೀಯ ಸಂಘವು 1981ರಲ್ಲಿ ಲಿಸ್ಬನ್‌ನಲ್ಲಿ ಹೊರಡಿಸಿ, ಮುಂದೆ ತಿದ್ದಿಕೊಂಡು ಬಂದಿರುವ ರೋಗಿಗಳ ಹಕ್ಕುಗಳ ಘೋಷಣೆಯಲ್ಲಿ ಇದಕ್ಕೊಂದು ದಾರಿಯಿದೆ. ತಿಳಿಯುವುದು ರೋಗಿಯ ಹಕ್ಕು. ತನಗೆ ತಿಳಿಸಬೇಡಿ ಎನ್ನುವುದೂ, ತನ್ನ ಪರವಾಗಿ ಯಾರಿಗೆ ತಿಳಿಸಬೇಕೆಂದು ಆರಿಸುವುದೂ ಅವರದೇ ಹಕ್ಕು. ಹಾಗಾಗಿ ಪರೀಕ್ಷೆಗೆ ತುಣುಕು ಕಳಿಸುವಾಗಲೇ ರೋಗಿಯನ್ನು ಕೇಳುತ್ತೇನೆ: "ವರದಿ ಬಂದಾಗ ನಿಮಗೆ ಹೇಳಲೋ, ಬೇರೆಯವರಿಗೋ?" ಒಬ್ಬ ಹಿರಿಯರು "ಮಗಳಿಗೆ ಹೇಳಿ, ನನಗೆ ಬೇಡ" ಎಂದರು; ಕೇಸ್ ಶೀಟಿನಲ್ಲಿ ಅವರ ಮಾತಿನಲ್ಲೇ ಬರೆದುಕೊಂಡೆ. ಇನ್ನೊಬ್ಬರು "ನನಗೇ ಹೇಳಿ, ಮಕ್ಕಳು ತಡೆದುಕೊಳ್ಳುವುದಿಲ್ಲ" ಎಂದರು. ಅವರ ಮಕ್ಕಳು ಹಿಂದಿನ ದಿನವಷ್ಟೇ ಅವರ ಬಗ್ಗೆ ಇದೇ ಮಾತನ್ನು ನನಗೆ ಹೇಳಿದ್ದರು.

ಇಷ್ಟೆಲ್ಲ ಕಲಿತ ಮೇಲೂ, ಆಪರೇಷನ್ನಿನ ಬೆಳಿಗ್ಗೆ ಒಬ್ಬರು "ಬೇಡ, ಮನಸ್ಸಿಲ್ಲ" ಎಂದಾಗ ನನಗೆ ಸಿಟ್ಟು ಬಂತು. ಥಿಯೇಟರ್ ಸಿದ್ಧವಾಗಿತ್ತು, ಅರಿವಳಿಕೆ ತಜ್ಞರು ಕಾಯುತ್ತಿದ್ದರು. 1948ರ ಜಿನೀವಾ ಘೋಷಣೆ, ಅಂದರೆ ವೈದ್ಯರ ಪ್ರತಿಜ್ಞೆ, ರೋಗಿಯ ಆರೋಗ್ಯವೇ ಮೊದಲು ಎಂದಿತ್ತು. ರೋಗಿಯ ಸ್ವಾಯತ್ತತೆಯ, ಅಂದರೆ ತನಗೇನು ಬೇಕೆಂದು ರೋಗಿಯೇ ತೀರ್ಮಾನಿಸುವುದರ, ಮಾತು ಅದರೊಳಗೆ ಬಂದದ್ದು 2017ರಲ್ಲಿ. ಇಡೀ ವೃತ್ತಿಗೇ ಅಷ್ಟು ಕಾಲ ಹಿಡಿದಿರುವಾಗ ನನಗೆ ಹತ್ತು ನಿಮಿಷವಾದರೂ ಬೇಡವೇ? ಕೇಸ್ ಶೀಟಿನಲ್ಲಿ 'ಚಿಕಿತ್ಸೆ ನಿರಾಕರಿಸಿದ್ದಾರೆ' ಎಂದು ಬರೆದಿದ್ದನ್ನು ಹೊಡೆದುಹಾಕಿ, 'ಸದ್ಯಕ್ಕೆ ಬೇಡ ಎಂದಿದ್ದಾರೆ' ಎಂದು ಬರೆದು ಸಹಿ ಮಾಡಿದೆ. ಒಂದು ಚೀಟಿಯನ್ನೂ ಕೊಟ್ಟೆ: ಜ್ವರ, ಕಣ್ಣು ಹಳದಿಯಾಗುವುದು, ನಿಲ್ಲದ ಹೊಟ್ಟೆನೋವು, ಇದರಲ್ಲಿ ಯಾವುದು ಬಂದರೂ ಹೊತ್ತು ನೋಡದೆ ಬನ್ನಿ. ಅವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು.