ತಳದಲ್ಲಿ ಕೂತಿದ್ದ ಬ್ಯುಡೆಸೊನೈಡ್

ಪಿಎಚ್‌ಡಿಗೆ ನಾನು ಹಿಡಿದ ಕೆಲಸ, ಉರಿಯೂತವಾದ ಶ್ವಾಸಕೋಶಕ್ಕೆ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಔಷಧಿಯನ್ನು ಲೈಪೊಸೋಮಿನೊಳಗಿಟ್ಟು ತಲುಪಿಸುವುದು. ಲೈಪೊಸೋಮ್ ಅಂದರೆ ಕೊಬ್ಬಿನ ಜೋಡಿ ಪದರದ ಪುಟ್ಟ ಗುಳ್ಳೆ; ನನ್ನವು 100ರಿಂದ 150 ನ್ಯಾನೋಮೀಟರ್. ಬರೀ ಔಷಧಿ ಶ್ವಾಸಕೋಶದಿಂದ ಬೇಗ ರಕ್ತಕ್ಕೆ ಜಾರುತ್ತದೆ, ಗುಳ್ಳೆಯೊಳಗಿದ್ದರೆ ಅಲ್ಲೇ ಹೆಚ್ಚು ಹೊತ್ತು ಉಳಿಯಬೇಕು ಎಂಬುದು ಲೆಕ್ಕ. ಗುಳ್ಳೆ ಕಟ್ಟುವ ಲಿಪಿಡ್ (ಕೊಬ್ಬು) ಆಗಿ ಡಿಪಿಪಿಸಿ ಎಂಬುದನ್ನೇ ಆರಿಸಿಕೊಂಡೆ, ಗಾಳಿಗೂಡುಗಳ ಒಳಮೈಗೆ ಹರಡಿ ಅವು ಮುದುಡದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಪದರದಲ್ಲೂ ದೊಡ್ಡ ಪಾಲು ಅದರದ್ದೇ.

ಲಿಪಿಡ್, ಕೊಲೆಸ್ಟರಾಲ್, ಔಷಧಿ ಮೂರನ್ನೂ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ದ್ರಾವಕವನ್ನು ಆವಿಯಾಗಿಸುವ ರೋಟರಿ ಎವಾಪೊರೇಟರಿನಲ್ಲಿ ತಿರುಗಿಸಿದರೆ ಫ್ಲಾಸ್ಕಿನ ಗೋಡೆಗೆ ಕೆನೆಯಂಥ ಪದರ ಅಂಟುತ್ತದೆ. ಬಿಸಿ ಬಫರ್ ಹಾಕಿದರೆ ಅದು ಹಾಲಿನಂತೆ ಬಿಟ್ಟುಕೊಳ್ಳುತ್ತದೆ. ಡಿಪಿಪಿಸಿ ಸಡಿಲವಾಗುವುದು 41 ಡಿಗ್ರಿಗೆ, ಹಾಗಾಗಿ ನಾನು 50ರ ಮೇಲೆಯೇ ಇಡುತ್ತಿದ್ದೆ. ಗುಳ್ಳೆಗಳನ್ನು ಸಣ್ಣ ರಂಧ್ರಗಳ ಮೂಲಕ ಒತ್ತಿ ಒಂದೇ ಗಾತ್ರಕ್ಕೆ ತರುವ ಎಕ್ಸ್‌ಟ್ರೂಡರ್ ಆಗ ಸಿಕ್ಕಿರಲಿಲ್ಲ, ಶಬ್ದದ ಅಲೆಗಳಿಂದ ಒಡೆಯುವ ಪ್ರೋಬ್ ಸೋನಿಕೇಟರಿನಲ್ಲೇ ಗಾತ್ರ ಇಳಿಸುತ್ತಿದ್ದೆ.

ಮೊದಲ ಬ್ಯಾಚುಗಳ ಫಲಿತಾಂಶ ನೋಡಿ ಹಿಗ್ಗಿದ್ದೆ. ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ, ಮೇಲಿನ ತಿಳಿಯಲ್ಲಿ ಉಳಿದ ಔಷಧಿ ಅಳೆದರೆ ಬಹುತೇಕ ಇಲ್ಲವೇ ಇಲ್ಲ. ಅಂದರೆ ಎಲ್ಲವೂ ಗುಳ್ಳೆಯೊಳಗೆ ಸೇರಿದೆ ಅಂದುಕೊಂಡೆ. ಒಂದು ವಾರದ ನಂತರ ಫ್ರಿಜ್ ತೆರೆದ ಜೂನಿಯರ್ ಹುಡುಗಿ, "ಅಕ್ಕ, ನಿಮ್ಮ ಬಾಟಲಿ ತಳದಲ್ಲಿ ಏನೋ ಬಿಳಿ ಕೂತಿದೆ" ಅಂದಳು. ಒಂದು ಹನಿಯನ್ನು ಪೋಲರೈಸಿಂಗ್ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಪ್ಪು ಹಿನ್ನೆಲೆಯಲ್ಲಿ ಹರಳುಗಳು ಹೊಳೆಯುತ್ತಿದ್ದವು. ಬ್ಯುಡೆಸೊನೈಡ್ ನೀರಿನಲ್ಲಿ ಕರಗುವುದೇ ಕಷ್ಟ. ಗುಳ್ಳೆಗೆ ಸೇರದ ಔಷಧಿ ಹರಳುಗಟ್ಟಿ ಲೈಪೊಸೋಮುಗಳ ಜೊತೆಗೇ ತಳ ಸೇರುತ್ತಿತ್ತು, ನಾನು ಅದನ್ನೂ ಒಳಗಿನ ಲೆಕ್ಕಕ್ಕೆ ಬರೆಯುತ್ತಿದ್ದೆ. ಐದು ತಿಂಗಳ ಅಂಕಿಗಳನ್ನು ಹೊಡೆದುಹಾಕಿದೆ. ಆ ರಾತ್ರಿ ಹಾಸ್ಟೆಲಿನಲ್ಲಿ ಊಟ ಸೇರಲಿಲ್ಲ.

ಆಮೇಲೆ ಕ್ರಮ ಬದಲಿಸಿದೆ. ಮೊದಲು ನಿಧಾನವಾಗಿ ತಿರುಗಿಸಿ ಹರಳುಗಳನ್ನು ಇಳಿಸುವುದು, ಮೇಲಿನದ್ದನ್ನು ಬಿಸಿ ಇರುವಾಗಲೇ ಮೆಂಬ್ರೇನಿನಲ್ಲಿ ಹಾಯಿಸುವುದು, ಕೊನೆಗೆ ಔಷಧಿಯನ್ನೂ ಲಿಪಿಡನ್ನೂ ಎರಡನ್ನೂ ಅಳೆಯುವುದು. ನಿಜವಾದ ಪ್ರಮಾಣ ತೀರಾ ಕಡಿಮೆ ಇತ್ತು. ಕಾರಣ ಕೊಲೆಸ್ಟರಾಲ್: ಅದೂ ಸ್ಟೀರಾಯ್ಡ್ ಜಾತಿಯದೇ, ಪದರದಲ್ಲಿ ಔಷಧಿ ಕೂರಬೇಕಾದ ಜಾಗಕ್ಕೇ ಪೈಪೋಟಿಗೆ ಬರುತ್ತದೆ. ಕಡಿಮೆ ಮಾಡಿದರೆ ಔಷಧಿ ಹೆಚ್ಚು ಹಿಡಿಯಿತು, ಆದರೆ ಗುಳ್ಳೆ ಸೋರತೊಡಗಿತು. ನಡುವಿನ ಒಂದು ಹದ ಹುಡುಕಲು ಇನ್ನೂ ಎರಡು ತಿಂಗಳು.

ದ್ರವ ಔಷಧಿಯನ್ನು ಉಸಿರಿನೊಳಗೆ ಎಳೆದುಕೊಳ್ಳುವ ಮಂಜಾಗಿಸುವ ನೆಬ್ಯುಲೈಸರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಔಷಧಿ ಎಲ್ಲಿ ಇಳಿಯುತ್ತದೆ ಅನ್ನುವುದನ್ನು ನಿರ್ಧರಿಸುವುದು ಲೈಪೊಸೋಮಿನ ಗಾತ್ರವಲ್ಲ, ಅದನ್ನು ಹೊತ್ತ ಹನಿಯ ಗಾತ್ರ. ಆಳಕ್ಕೆ ಹೋಗಲು 1ರಿಂದ 5 ಮೈಕ್ರೋಮೀಟರ್ ಬೇಕು. ಜೆಟ್ ನೆಬ್ಯುಲೈಸರ್ ಅದೇ ದ್ರವವನ್ನು ಮತ್ತೆ ಮತ್ತೆ ಚಿಮ್ಮಿಸಿ ಗುಳ್ಳೆ ಒಡೆಯುತ್ತಿತ್ತು, ಜಾಲರಿಯ ರಂಧ್ರಗಳಿಂದ ಹನಿ ಹೊರಡಿಸುವ ಮೆಶ್ ಮಾದರಿ ಮೃದುವಾಗಿತ್ತು.

ಇಲಿಗಳಲ್ಲಿ ಎಲ್‌ಪಿಎಸ್ ಎಂಬ ಬ್ಯಾಕ್ಟೀರಿಯಾದ ಹೊರಪದರದ ವಸ್ತು ಕೊಟ್ಟು ಉರಿಯೂತ ತರಿಸಿ, ಶ್ವಾಸಕೋಶ ತೊಳೆದ ದ್ರವದಲ್ಲಿ ನ್ಯೂಟ್ರೋಫಿಲ್ (ಉರಿಯೂತದ ಜಾಗಕ್ಕೆ ನುಗ್ಗುವ ಬಿಳಿ ರಕ್ತಕಣ) ಎಣಿಸಿದೆವು. ಖಾಲಿ ಲೈಪೊಸೋಮ್ ಕೊಟ್ಟ ಗುಂಪಿನಲ್ಲಿ ಎಣಿಕೆ ಇಳಿಯಲಿಲ್ಲ. ಮೊದಲ ಗಂಟೆಗಳಲ್ಲಿ ಬರೀ ಔಷಧಿಯೂ ನಮ್ಮದೂ ಸರಿಸಮ. ಮಾರನೇ ದಿನ ಎಣಿಸಿದಾಗಲೇ ನಮ್ಮ ಗುಂಪಿನ ಎಣಿಕೆ ಕೆಳಗಿದ್ದದ್ದು ಕಂಡಿತು.